ಕಾಣಿಕೆ ಹಣ ಕಷ್ಟದಲ್ಲಿರುವವರ ಮನೆ ಮುಟ್ಟಬೇಕಾದರೆ: ಮೊದಲ ಕ್ರೈಸ್ತ ಸಭೆಗಳಿಂದ ಕಲಿತ ಕ್ರಮ

ಧಾರವಾಡದ ಕಡೆಯ ಒಂದು ಚಿಕ್ಕ ಕ್ರೈಸ್ತ ಸಭೆಯ, ಅಂದರೆ ಚರ್ಚಿನ, ಖಜಾಂಚಿ ಕೆಲಸ ನನ್ನದು. ಬೇರೆ ಸಭೆಗಳ ಕಮಿಟಿಯವರು ಸಿಕ್ಕಾಗ ಈ ಮಾತು ಬಂದೇ ಬರುತ್ತದೆ: "ಸಹಾಯ ನಿಧಿ ಅಂತ ಮಾಡಿದ್ದೇವೆ ಅಕ್ಕಾ, ಆದರೆ ನಡೆಯೋದೇ ಇಲ್ಲ. ನೀವು ಹೇಗೆ ನಡೆಸ್ತೀರಿ?" ನಾವು ಹೊಸದೇನೂ ಹುಡುಕಲಿಲ್ಲ. ಮೊದಲ ನಾಲ್ಕು ಶತಮಾನದ ಸಭೆಗಳು ಮಾಡಿದ್ದನ್ನು ಒಂದೊಂದಾಗಿ ಎತ್ತಿಕೊಂಡೆವು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಹೋದ ವರ್ಷದ ಲೆಕ್ಕದ ಪುಸ್ತಕ ತೆಗೆಯಿರಿ. ಒಂದು ಹಾಳೆಯ ನಡುವೆ ಗೆರೆ ಎಳೆಯಿರಿ. ಎಡಕ್ಕೆ ಕಟ್ಟಡ, ಬಣ್ಣ, ಸೌಂಡ್ ಸಿಸ್ಟಂ, ಕರೆಂಟ್ ಬಿಲ್, ಕ್ರಿಸ್‌ಮಸ್ ಅಲಂಕಾರ. ಬಲಕ್ಕೆ ವಿಧವೆಯರು, ಕಾಯಿಲೆ ಬಿದ್ದವರು, ಫೀಸು ಕಟ್ಟಲಾಗದ ಮಕ್ಕಳು. ಎರಡೂ ಮೊತ್ತ ಕೂಡಿ ಕಮಿಟಿಯ ಮುಂದೆ ಓದಿ. ಬೈಯಬೇಡಿ, ಭಾಷಣ ಮಾಡಬೇಡಿ. ಸುಮ್ನೆ ಓದಿ.

ಅದೇ ಕೂಟದಲ್ಲಿ ಆ ಕಾಲದ ಕ್ರೈಸ್ತ ಬೋಧಕ ಜಸ್ಟಿನ್ ಬರೆದದ್ದನ್ನೂ ಓದಿಸಿ. ಸುಮಾರು ಕ್ರಿ.ಶ. 155ರಲ್ಲಿ ರೋಮ್‌ನಿಂದ ಅವನು ರೋಮನ್ ಚಕ್ರವರ್ತಿಗೆ ಒಂದು ಮನವಿ ಬರೆದ. ಭಾನುವಾರ ಕ್ರೈಸ್ತರು ಏನು ಮಾಡುತ್ತಾರೆ ಅಂತ ಅದರಲ್ಲಿ ಹೇಳಿದ್ದಾನೆ. ವೇದಪಾಠ, ಬೋಧನೆ, ನಿಂತು ಪ್ರಾರ್ಥನೆ, ರೊಟ್ಟಿ, ದ್ರಾಕ್ಷಾರಸ. ಬರಲಾಗದವರ ಮನೆಗೆ ಸಭಾಸೇವಕರು ಅದನ್ನು ಒಯ್ಯುತ್ತಿದ್ದರು. ಅದರ ಬೆನ್ನಿಗೇ ಹಣದ ಮಾತು. ಇದ್ದವರು ಮನಸ್ಸಿಗೆ ಬಂದಷ್ಟು ಕೊಡುತ್ತಾರೆ, ಅದು ಅನಾಥರಿಗೆ, ವಿಧವೆಯರಿಗೆ, ಕಾಯಿಲೆಯವರಿಗೆ, ಸೆರೆಯಲ್ಲಿರುವವರಿಗೆ, ಪರಊರಿಂದ ಬಂದವರಿಗೆ ಹೋಗುತ್ತದೆ. ನಮ್ಮ ಕಮಿಟಿಯಲ್ಲಿ ಇದನ್ನು ಓದಿದಾಗ ಒಬ್ಬ ಹಿರಿಯರು ಬಲಗಡೆಯ ಮೊತ್ತವನ್ನು ಮತ್ತೊಮ್ಮೆ ಓದಿ ಅಂದರು. ಅವತ್ತೇ ನಿಧಿ ಬೇರೆ ಆಯಿತು.

ಬೇರೆ ಮಾಡುವುದು ಅಂದರೆ ಬೇರೆ ಬ್ಯಾಂಕ್ ಖಾತೆ, ಬೇರೆ ರಿಜಿಸ್ಟರ್, ಇಬ್ಬರ ಸಹಿ. ಈ ವಿಷಯದಲ್ಲಿ ಯೇಸುವಿನ ಸಂದೇಶ ಸಾರಿದ ಅಪೊಸ್ತಲ ಪೌಲನು ತುಂಬಾ ಹುಷಾರಾಗಿದ್ದ. ಗ್ರೀಸ್ ಕಡೆಯ ಮಕೆದೋನ್ಯ, ಅಖಾಯದ ಸಭೆಗಳಿಂದ ಯೆರೂಸಲೇಮಿನ ಬಡವರಿಗೆ ಹಣ ಕೂಡಿಸಿದಾಗ ತಾನೊಬ್ಬನೇ ಅದನ್ನು ಹೊತ್ತುಕೊಂಡು ಹೋಗಲಿಲ್ಲ. ಸಭೆಗಳೇ ಆರಿಸಿದವರನ್ನು ಜೊತೆಗೆ ಇಟ್ಟುಕೊಂಡ. ಇಷ್ಟು ದೊಡ್ಡ ಮೊತ್ತದ ವಿಷಯದಲ್ಲಿ ಯಾರೂ ಬೆರಳು ತೋರಿಸಬಾರದು ಅಂತ ಬೈಬಲಿನ ಎರಡನೇ ಕೊರಿಂಥದ ಪತ್ರದಲ್ಲಿ ಅವನೇ ಹೇಳಿಕೊಂಡಿದ್ದಾನೆ. ಅಪೊಸ್ತಲನಿಗೇ ಅದು ಬೇಕಿತ್ತು ಅಂದ ಮೇಲೆ ನಮ್ಮ ಅಯ್ಯನವರಿಗೂ (ಪಾಸ್ಟರಿಗೂ) ನನಗೂ ಬೇಡವೇ? ಆರಾಧನೆ ಮುಗಿದ ಕೂಡಲೇ ಇಬ್ಬರು ಎಣಿಸಲಿ. ಅಲ್ಲೇ ಬರೆದು ಸಹಿ ಹಾಕಲಿ. ಹಣ ಎಣಿಸದೆ ಯಾರ ಮನೆಗೂ ಹೋಗಬಾರದು.

ಇನ್ನು ಪಟ್ಟಿ. ಜಾಸ್ತಿ ಸಭೆಗಳು ಎಡವುವುದು ಇಲ್ಲೇ, ಅದಕ್ಕೆ ಸ್ವಲ್ಪ ನಿಂತು ಹೇಳುತ್ತೇನೆ. ಬೈಬಲಿನ ಅಪೊಸ್ತಲರ ಕೃತ್ಯಗಳ ಆರನೇ ಅಧ್ಯಾಯ ನಿಮಗೆ ಗೊತ್ತೇ ಇದೆ. ಯೆರೂಸಲೇಮಿನಲ್ಲಿ ದಿನದಿನದ ಊಟ ಹಂಚುವಾಗ ಗ್ರೀಕ್ ಮಾತಾಡುವ ವಿಧವೆಯರು ಬಿಟ್ಟುಹೋಗುತ್ತಿದ್ದರು. ಗುಣುಗುಟ್ಟುವಿಕೆ ಎದ್ದಿತು. ಅಪೊಸ್ತಲರು ಅದನ್ನು ಅದುಮಲಿಲ್ಲ. ನೀವೇ ಏಳು ಮಂದಿಯನ್ನು ಆರಿಸಿ ಅಂದರು. ಆರಿಸಿದ ಹೆಸರು ನೋಡಿ: ಸ್ತೆಫನ, ಫಿಲಿಪ್ಪ, ಪ್ರೊಖೊರ, ನಿಕಾನೋರ, ತಿಮೋನ, ಪರ್ಮೆನ, ನಿಕೊಲಾಯ. ಏಳೂ ಗ್ರೀಕ್ ಹೆಸರು. ದೂರು ಹೇಳಿದವರ ಕಡೆಯವರ ಕೈಗೇ ಹಂಚುವ ಕೆಲಸ ಬಂತು ಅಂತ ನನಗೆ ಅನಿಸುತ್ತದೆ.

ಹಾಗಾದರೆ ನಿಮ್ಮ ಸಭೆಯಲ್ಲಿ ಯಾರು ಬಿಟ್ಟುಹೋಗುತ್ತಿದ್ದಾರೆ? ಕೆಲಸ ಹುಡುಕಿಕೊಂಡು ಬಂದು ಕನ್ನಡ ಇನ್ನೂ ಕಲಿಯುತ್ತಿರುವ ಕುಟುಂಬ ಇರಬಹುದು. ಹಿಂದಿನ ಬೆಂಚಿನಲ್ಲಿ ಕೂತು ಆಶೀರ್ವಾದ ಆದ ಕೂಡಲೇ ಎದ್ದುಹೋಗುವವರು ಇರಬಹುದು. ಅವರಿಗೆ ಏನು ಕೊಡೋಣ ಅಂತ ಚರ್ಚೆ ಮಾಡುವ ಮೊದಲು ಅವರಲ್ಲೇ ಒಬ್ಬರನ್ನು ಹಂಚುವ ಗುಂಪಿಗೆ ಕರೆಯಿರಿ. ನಮ್ಮಲ್ಲಿ ನಾಲ್ಕು ಮನೆಯ ಪಾತ್ರೆ ತಿಕ್ಕುವ ಒಬ್ಬ ತಂಗಿ ಈ ಗುಂಪಿನಲ್ಲಿದ್ದಾಳೆ. ಯಾರ ಮನೆಯಲ್ಲಿ ಗ್ಯಾಸ್ ಖಾಲಿಯಾಗಿದೆ, ಯಾರು ಮಾತ್ರೆ ತರುವುದನ್ನು ನಿಲ್ಲಿಸಿದ್ದಾರೆ ಅನ್ನುವುದು ಅವಳಿಗೆ ಗೊತ್ತಿರುವಷ್ಟು ನಮಗೆ ಯಾರಿಗೂ ಗೊತ್ತಿಲ್ಲ. ಕ್ರಿ.ಶ. 112ರ ಸುಮಾರಿಗೆ ಇಂದಿನ ಟರ್ಕಿಯಲ್ಲಿರುವ ಬಿಥೂನ್ಯದ ರೋಮನ್ ಅಧಿಕಾರಿ ಪ್ಲಿನಿ ಇಬ್ಬರು ಕ್ರೈಸ್ತ ಹೆಂಗಸರನ್ನು ಹಿಂಸಿಸಿ ವಿಚಾರಣೆ ಮಾಡಿದ. ಇಬ್ಬರೂ ದಾಸಿಯರು. ಸಭೆಯವರು ಅವರನ್ನು ಸೇವಕಿಯರು ಅಂತ ಕರೆಯುತ್ತಿದ್ದರು ಅಂತ ಅವನೇ ಬರೆದಿದ್ದಾನೆ. ಆ ಕಾಲದಲ್ಲೇ ದಾಸಿಯರಿಗೆ ಸಭೆಯ ಹೊಣೆ ಇತ್ತು.

ಪಟ್ಟಿ ಬಾಯಿಮಾತಿನಲ್ಲಿ ಇರಬಾರದು, ಬರೆಯಿರಿ. 251ರ ಹೊತ್ತಿಗೆ ರೋಮ್ ಸಭೆ 1,500ಕ್ಕೂ ಹೆಚ್ಚು ವಿಧವೆಯರನ್ನೂ ಕಷ್ಟದಲ್ಲಿದ್ದವರನ್ನೂ ಸಾಕುತ್ತಿತ್ತು ಅಂತ ಅಲ್ಲಿನ ಬಿಷಪ್ ಕೊರ್ನೇಲಿಯಸ್ ಪತ್ರದಲ್ಲಿ ತಿಳಿಸಿದ್ದಾನೆ. ಅದೇ ಪತ್ರದಲ್ಲಿ 46 ಹಿರಿಯರು, 7 ಸಭಾಸೇವಕರು ಅಂತ ಲೆಕ್ಕ ಇದೆ. ಎಣಿಸಿದ್ದರಿಂದಲೇ ಅಷ್ಟು ಜನರನ್ನು ನೋಡಿಕೊಳ್ಳಲು ಆಯಿತು ಅಂತ ನನಗೆ ಅನಿಸುತ್ತದೆ. ಹೆಸರು, ಬೇಕಾದದ್ದು, ಎಷ್ಟು ತಿಂಗಳು, ಯಾರು ಭೇಟಿ ಮಾಡುತ್ತಾರೆ, ಇಷ್ಟು ಸಾಕು. ನೋಡಿಕೊಳ್ಳುವ ಮಕ್ಕಳಿದ್ದರೆ ಮೊದಲು ಅವರ ಜೊತೆ ಕೂತು ಮಾತಾಡಿ. ತಿಮೊಥೆಯನಿಗೆ ಬರೆದ ಮೊದಲ ಪತ್ರದಲ್ಲೂ ಹೀಗೇ ಹೇಳಿದೆ. ಪಟ್ಟಿಯನ್ನು ಗೋಡೆಗೆ ಅಂಟಿಸಬೇಡಿ, ವಾಟ್ಸಾಪ್ ಗುಂಪಿಗೆ ಹಾಕಬೇಡಿ. ಅಕ್ಕಿ ಚೀಲದ ಜೊತೆ ಫೋಟೋ ಬೇಡವೇ ಬೇಡ.

ಪಟ್ಟಿಯಲ್ಲಿ ಸಾವಿನ ಖರ್ಚಿಗೂ ಜಾಗ ಇರಲಿ. ಉತ್ತರ ಆಫ್ರಿಕಾದ ಕಾರ್ಥೇಜಿನ ಕ್ರೈಸ್ತ ಲೇಖಕ ಟೆರ್ಟುಲಿಯನ್ 197ರ ಹೊತ್ತಿಗೆ ತಮ್ಮ ಸಭೆಯ ಕಾಣಿಕೆ ಪೆಟ್ಟಿಗೆಯ ಹಣ ಎಲ್ಲಿ ಹೋಗುತ್ತದೆ ಅಂತ ಹೇಳುವಾಗ ಬಡವರಿಗೆ ಊಟ ಹಾಕುವುದರ ಜೊತೆಗೇ ಅವರನ್ನು ಮಣ್ಣು ಮಾಡುವುದನ್ನೂ ಸೇರಿಸಿದ್ದಾನೆ. ಅಲ್ಲಿ ಕೊಡುವವರು ತಿಂಗಳಿಗೊಮ್ಮೆ ಚಿಕ್ಕ ನಾಣ್ಯ ಹಾಕುತ್ತಿದ್ದರು, ಅದೂ ಇಷ್ಟವಿದ್ದು ಕೈಲಾದರೆ ಮಾತ್ರ. ಸಾವಿನ ಮನೆಯವರು ಶವಪೆಟ್ಟಿಗೆಗೂ ಗಾಡಿಗೂ ಬಡ್ಡಿಗೆ ಹಣ ಎತ್ತುವಂತಾಗಬಾರದು. ಆ ಮೊತ್ತವನ್ನು ಮುಟ್ಟದೆ ಬೇರೆ ಇಡಿ, ಸುದ್ದಿ ಬಂದ ಗಂಟೆಯೊಳಗೆ ಕೈಗೆ ಸಿಗುವ ಹಾಗಿರಲಿ.

ಊಟದ ವಿಷಯಕ್ಕೆ ಬರುತ್ತೇನೆ. ಕೊರಿಂಥದಲ್ಲಿ ಕರ್ತನ ಭೋಜನಕ್ಕೆ, ಅಂದರೆ ಯೇಸುವಿನ ನೆನಪಿನ ಊಟಕ್ಕೆ, ಸೇರಿದಾಗ ಕೆಲವರು ಮುಂಚೆಯೇ ಉಂಡು ಕುಡಿದು ಮತ್ತರಾಗುತ್ತಿದ್ದರು, ಕೆಲವರು ಹಸಿದೇ ಇರುತ್ತಿದ್ದರು. ಏನೂ ಇಲ್ಲದವರನ್ನು ನಾಚಿಸುತ್ತೀರಾ ಅಂತ ಪೌಲನು ಗದರಿದ್ದು ಇದಕ್ಕೇ. ಒಬ್ಬರಿಗೊಬ್ಬರು ಕಾಯಿರಿ ಅಂದ. ಸುಗ್ಗಿ ಹಬ್ಬದ ಊಟದಲ್ಲಿ ನಾವು ಇದನ್ನು ಹೀಗೆ ಮಾಡುತ್ತೇವೆ: ಅತಿಥಿಗಳಿಗೆ ಬೇರೆ ಟೇಬಲ್ ಇಲ್ಲ. ಅಡುಗೆಯವರು, ಕಸ ಗುಡಿಸಿದವರು ಮೊದಲ ಪಂಕ್ತಿಗೆ ಕೂರುತ್ತಾರೆ. ಭಾನುವಾರವೂ ಡ್ಯೂಟಿ ಇರುವ ನರ್ಸ್, ವಾಚ್‌ಮನ್‌ಗಳ ಪಾಲನ್ನು ಬಡಿಸುವ ಮೊದಲೇ ಡಬ್ಬಿಗೆ ತುಂಬಿ ಎತ್ತಿಡುತ್ತೇವೆ. ಹಾಸಿಗೆ ಹಿಡಿದವರ ಡಬ್ಬಿಗಳನ್ನು ಯುವಕರು ಬಿಸಿ ಆರುವ ಮೊದಲು ಮುಟ್ಟಿಸುತ್ತಾರೆ, ಹತ್ತು ನಿಮಿಷ ಕೂತು ಮಾತಾಡಿ ಬರುತ್ತಾರೆ.

ಹೊರಗಿನಿಂದ ಬಂದು ಹಣ ಕೇಳುವ ಬೋಧಕರ ಬಗ್ಗೆ ಪ್ರಶ್ನೆ ಬಂದರೆ ಡಿಡಾಖೆ ಅನ್ನುವ ಮೊದಲ ಸಭೆಗಳ ಹಳೆಯ ಕೈಪಿಡಿ ತೆಗೆದು ನೋಡಿ. ಊರೂರು ತಿರುಗುವ ಸೇವಕನನ್ನು ಆದರಿಸಿ, ಒಂದು ದಿನ ಇರಲಿ, ಬೇಕಾದರೆ ಇನ್ನೊಂದು ದಿನ. ಹೊರಡುವಾಗ ರೊಟ್ಟಿ ಕೊಡಿ. ಹಣ ಕೇಳಿದರೆ ಅವನು ಸುಳ್ಳು ಪ್ರವಾದಿ. ಸಹಾಯ ನಿಧಿಯಿಂದ ಬೋಧಕರ ಗೌರವಧನ ಕೊಡುವುದಿಲ್ಲ ಅಂತ ನಾವು ನಿರ್ಣಯ ಬರೆದಿಟ್ಟಿದ್ದೇವೆ.

ಕೊನೆಯದಾಗಿ, ಪಟ್ಟಿಯನ್ನು ಸಭೆಯ ಸದಸ್ಯರಿಗೆ ಮಾತ್ರ ಅಂತ ಮುಚ್ಚಬೇಡಿ. ಕ್ರೈಸ್ತರನ್ನು ಕಂಡರಾಗದ ರೋಮನ್ ಚಕ್ರವರ್ತಿ ಜೂಲಿಯನ್ 362ರಲ್ಲಿ ಇಂದಿನ ಟರ್ಕಿಯಲ್ಲಿರುವ ಗಲಾತ್ಯದಲ್ಲಿ ಹಳೆಯ ದೇವತೆಗಳ ಪೂಜೆ ನಡೆಸುತ್ತಿದ್ದ ಮುಖ್ಯ ಪೂಜಾರಿಗೆ ಪತ್ರ ಬರೆದ. ಇವರು ತಮ್ಮ ಬಡವರನ್ನಷ್ಟೇ ಅಲ್ಲ, ನಮ್ಮ ಬಡವರನ್ನೂ ಸಾಕುತ್ತಿದ್ದಾರೆ ಅನ್ನುವುದು ಅವನ ಸಂಕಟ. ನಮ್ಮ ಪಟ್ಟಿಯಲ್ಲಿ ಪಕ್ಕದ ಬೀದಿಯಲ್ಲಿ ಹೂವು ಕಟ್ಟಿ ಮಾರುವ ಒಬ್ಬ ತಾಯಿ ಇದ್ದಾರೆ. ಅವರು ಆರಾಧನೆಗೆ ಬರುವವರಲ್ಲ. ಸಹಾಯ ಕೊಡಲು ಹೋದವರು ಅವರನ್ನು ಆರಾಧನೆಗೆ ಕರೆಯಬಾರದು, ಕರಪತ್ರ ಕೊಡಬಾರದು ಅಂತ ರಿಜಿಸ್ಟರಿನ ಮೊದಲ ಪುಟದಲ್ಲೇ ಬರೆದಿದ್ದೇವೆ. ಅವರ ಸಕ್ಕರೆ ಕಾಯಿಲೆಯ ಮಾತ್ರೆ ಪ್ರತಿ ತಿಂಗಳ ಐದನೇ ತಾರೀಖಿನೊಳಗೆ ಮುಟ್ಟಬೇಕು, ಮುಟ್ಟಿದ ಮೇಲೆ ಭೇಟಿ ಮಾಡಿದವರು ಸಹಿ ಹಾಕಬೇಕು.