ಚಪ್ಪಲಿ ಕೊಡವಿ ಹಾಕಿಕೊಳ್ಳಿ

ಸಿಡ್ನಿಗೆ ಹೊಸದಾಗಿ ಬಂದ ನಮ್ಮ ಹುಡುಗಿಯರು ಫೋನ್ ಮಾಡಿ ಮೊದಲು ಕೇಳೋದು ಕರಿಬೇವು ಎಲ್ಲಿ ಸಿಗುತ್ತೆ ಅಂತ. ಆಮೇಲೆ ಜೇಡದ ವಿಷಯ. "ಆಂಟಿ, ಗೋಡೆ ಮೇಲೆ ಅಂಗೈಯಷ್ಟು ದೊಡ್ಡದು ಕೂತಿದೆ, ಏನು ಮಾಡ್ಲಿ?" ಏನೂ ಮಾಡಬೇಡಮ್ಮ. ಅದು ಹಂಟ್ಸ್‌ಮನ್. ನೋಡೋಕೆ ಭಯವಾಗುತ್ತೆ, ನಿಜ. ಆದರೆ ಅದರಿಂದ ಪ್ರಾಣಕ್ಕೆ ಅಪಾಯವಿಲ್ಲ. ಜಿರಳೆ ತಿಂದುಕೊಂಡು ಇರುತ್ತೆ. ಮನೆಯೊಳಗೆ ಬೇಡ ಅನಿಸಿದರೆ ಅಗಲವಾದ ಡಬ್ಬಿ ಬೋರಲು ಹಾಕಿ, ಅಡಿಗೆ ದಪ್ಪ ರಟ್ಟು ತೂರಿಸಿ, ಹೊರಗೆ ಬಿಟ್ಟು ಬನ್ನಿ.

ಸಿಡ್ನಿಯ ಹಾರ್ನ್ಸ್‌ಬಿ ಬಡಾವಣೆಯ ಈ ಮನೆಗೆ ನಾವು ಬಂದು ಹದಿನೆಂಟು ವರ್ಷ ಆಯಿತು. ಹಿತ್ತಲು ದಾಟಿದರೆ ಕಾಡೇ. ಇಲ್ಲಿ ನಿಜವಾಗಿ ಹುಷಾರಾಗಿರಬೇಕಾದ್ದು ಎರಡು ವಿಷದ ಜೇಡಕ್ಕೆ: ರೆಡ್‌ಬ್ಯಾಕ್ ಮತ್ತು ಫನಲ್‌ವೆಬ್. ಒಂದಕ್ಕೆ ಮಾಡೋ ಉಪಚಾರ ಇನ್ನೊಂದಕ್ಕೆ ಮಾಡಬಾರದು. ಇದನ್ನು ಮನೆಮಂದಿಯೆಲ್ಲ ತಿಳಿದಿರಲೇಬೇಕು.

ರೆಡ್‌ಬ್ಯಾಕ್ ಹೆಣ್ಣಿನ ಮೈ ಬಟಾಣಿ ಕಾಳಿನಷ್ಟು. ಮಿರಿಮಿರಿ ಕಪ್ಪು, ಬೆನ್ನ ಮೇಲೆ ಕೆಂಪು ಪಟ್ಟೆ. ತಾನಾಗಿ ಬಂದು ಕಚ್ಚೋದಿಲ್ಲ. ನಮ್ಮ ಕೈ ಅದರ ಬಲೆಗೆ ಹೋದಾಗ ಕಚ್ಚುತ್ತೆ. ಒಂದು ಜನವರಿಯಲ್ಲಿ ತುಳಸಿ ಕುಂಡ ಸರಿಸಿ ಗುಡಿಸೋಣ ಅಂತ ಹೋದೆ. ಬಗ್ಗಿ ನೋಡಿದರೆ ಕುಂಡದ ಅಂಚಿನಿಂದ ನೆಲದವರೆಗೆ ನಾಲ್ಕೈದು ಎಳೆ ಬಿಗಿಯಾಗಿ ಎಳೆದು ಕಟ್ಟಿದೆ. ಪೊರಕೆ ಕಡ್ಡಿ ತಾಗಿಸಿದರೆ ಹೊಲಿಗೆ ದಾರ ಕಿತ್ತ ಹಾಗೆ ಪಟ್ ಅಂತು. ಮೇಲೆ, ಅಂಚಿನ ಮರೆಯಲ್ಲಿ, ಕೆನೆ ಬಣ್ಣದ ಎರಡು ಗುಂಡು ಮೊಟ್ಟೆ ಚೀಲ. ಪಕ್ಕದಲ್ಲೇ ಅವಳು. ದಿನಾ ಬೆಳಿಗ್ಗೆ ನಾನು ಕೈ ಇಡುತ್ತಿದ್ದ ಜಾಗ ಅದು.

ಅಂಥ ಒಂದೊಂದು ಚೀಲದಲ್ಲಿ ಇನ್ನೂರಕ್ಕೂ ಹೆಚ್ಚು ಮೊಟ್ಟೆ ಇರಬಹುದು. ಅದಕ್ಕೇ ಸುಮ್ನೆ ಸ್ಪ್ರೇ ಹೊಡೆದು ಬಂದರೆ ಸಾಲದು. ಉದ್ದ ಹಿಡಿಯ ಪೊರಕೆಯಲ್ಲಿ ಬಲೆ ಪೂರ್ತಿ ತೆಗೆದು, ಚೀಲವನ್ನು ಬೂಟುಗಾಲಲ್ಲಿ ಹೊಸಕಿ ಹಾಕಿ. ಹೊರಗಿನ ಪ್ಲಾಸ್ಟಿಕ್ ಕುರ್ಚಿಯ ಅಡಿ, ಲೆಟರ್ ಬಾಕ್ಸ್, ಮೀಟರ್ ಬಾಕ್ಸ್, ಮಕ್ಕಳ ಮೂರು ಗಾಲಿ ಸೈಕಲ್, ಇವನ್ನೆಲ್ಲ ಬೇಸಿಗೆಯಲ್ಲಿ ವಾರಕ್ಕೊಮ್ಮೆ ಟಾರ್ಚ್ ಹಾಕಿ ನೋಡಿ. ಮೂಲೆಯಲ್ಲಿರೋ ಉದ್ದ ಕಾಲಿನ ಬಡಕಲು ಜೇಡವನ್ನು ಮಾತ್ರ ಬಿಟ್ಟುಬಿಡಿ. ಅದು ರೆಡ್‌ಬ್ಯಾಕನ್ನೇ ಹಿಡಿದು ತಿನ್ನುತ್ತೆ. ನಾನಂತೂ ಗ್ಯಾರೇಜಿನ ಅಂಥ ಬಲೆಗೆ ಪೊರಕೆ ತಾಗಿಸೋದಿಲ್ಲ.

ನಮ್ಮ ಯಜಮಾನರಿಗೆ ಕುರ್ಚಿ ಎತ್ತುವಾಗ ಬೆರಳಿಗೆ ಕಚ್ಚಿತ್ತು. ಮೊದಲು ಚುರ್ ಅಂತಷ್ಟೇ. ಸ್ವಲ್ಪ ಹೊತ್ತಿಗೆ ನೋವು ತೋಳಿಗೆ ಏರಿತು, ಕಚ್ಚಿದ ಜಾಗದಲ್ಲೇ ಬೆವರು ಹನಿ ಹನಿಯಾಗಿ ಬಂತು. ನಾನು ಹಾವು ಕಚ್ಚಿದವರಿಗೆ ಕಟ್ಟೋ ಹಾಗೆ ಬಿಗಿಯಾಗಿ ಬ್ಯಾಂಡೇಜ್ ಸುತ್ತಿಬಿಟ್ಟೆ. ನೋವು ಇನ್ನೂ ಜಾಸ್ತಿ ಆಯಿತು. ವಿಷದ ಸಹಾಯವಾಣಿ 13 11 26ಕ್ಕೆ ಫೋನ್ ಮಾಡಿದಾಗ, ಮೊದಲು ಅದನ್ನು ಬಿಚ್ಚಿ, ಬಟ್ಟೆಯಲ್ಲಿ ಐಸ್ ಸುತ್ತಿ ಇಡಿ ಅಂದರು. ರೆಡ್‌ಬ್ಯಾಕ್ ವಿಷ ನಿಧಾನವಾಗಿ ಏರುತ್ತೆ, ಕಟ್ಟಿದರೆ ನೋವು ಹೆಚ್ಚುತ್ತೆ ಅಷ್ಟೇ. ನೋವು ತಡೆಯಲಾಗದಿದ್ದರೆ, ಅಥವಾ ಕಚ್ಚಿಸಿಕೊಂಡದ್ದು ಮಗುವಾಗಿದ್ದರೆ, ಆಸ್ಪತ್ರೆಗೆ ಹೋಗಿ. ಇದಕ್ಕೆ ಪ್ರತಿವಿಷ 1956ರಿಂದಲೇ ಇದೆ.

ಫನಲ್‌ವೆಬ್ ಮಾತು ಬೇರೆ. ಇದಕ್ಕೆ ಬ್ಯಾಂಡೇಜ್ ಕಟ್ಟಲೇಬೇಕು, ತಕ್ಷಣ ಇಲ್ಲಿನ ತುರ್ತು ಸಂಖ್ಯೆ 000ಗೆ ಫೋನ್ ಮಾಡಬೇಕು. ಇದರಲ್ಲಿ ಗಂಡೇ ಹೆಚ್ಚು ಅಪಾಯ. ಬೇಸಿಗೆ ಮುಗಿಯುವ ಹೊತ್ತಿಗೆ, ಅದರಲ್ಲೂ ಮಳೆ ಬಂದ ರಾತ್ರಿ, ಹೆಣ್ಣು ಹುಡುಕಿಕೊಂಡು ಬಿಲ ಬಿಟ್ಟು ಅಲೆಯುತ್ತೆ. ಬಾಗಿಲಿನ ಸಂದಿಯಲ್ಲಿ ಒಳಗೆ ಬರುತ್ತೆ, ತಂಪಾದ ಕತ್ತಲ ಜಾಗ ನೋಡಿ ಸೇರಿಕೊಳ್ಳುತ್ತೆ. ನಾವು ಚಪ್ಪಲಿ, ಶೂ ಎಲ್ಲ ಬಾಗಿಲ ಹೊರಗೆ ಬಿಡೋ ಜನ ಅಲ್ವಾ? ಆ ಅಭ್ಯಾಸ ಬಿಡಬೇಕಿಲ್ಲ. ಬಾಗಿಲ ಒಳಗಡೆ, ನೆಲದಿಂದ ಎತ್ತರದ ಸ್ಟ್ಯಾಂಡಿನಲ್ಲಿಡಿ. ಹೊರಗೆ ಉಳಿದಿದ್ದರೆ ನೆಲಕ್ಕೆ ಬಡಿದು, ಕೊಡವಿ, ಒಳಗೆ ಕಣ್ಣಾಡಿಸಿ ಆಮೇಲೆ ಕಾಲು ಹಾಕಿ. ನೆಲದ ಮೇಲೆ ಬಿದ್ದ ಟವೆಲ್ಲಿಗೂ ಇದೇ ನಿಯಮ. ಬಾಗಿಲಿನ ಅಡಿಗೆ ರಬ್ಬರ್ ಪಟ್ಟಿ ಹಾಕಿಸಿ. ಈಜುಕೊಳದ ತಳದಲ್ಲಿ ಸತ್ತಂತೆ ಬಿದ್ದಿದ್ದರೂ ಕೈಯಲ್ಲಿ ಎತ್ತಬೇಡಿ, ಗಂಟೆಗಟ್ಟಲೆ ನೀರಲ್ಲಿದ್ದೂ ಬದುಕಿರುತ್ತೆ.

1981ರಲ್ಲಿ ಪ್ರತಿವಿಷ ಬಂದ ಮೇಲೆ ಫನಲ್‌ವೆಬ್ ಕಚ್ಚಿ ಯಾರೂ ಸತ್ತಿಲ್ಲ. ಆದರೆ ಆಸ್ಪತ್ರೆ ಸೇರುವವರೆಗಿನ ಹೊತ್ತು ನಮ್ಮ ಕೈಯಲ್ಲಿರುತ್ತೆ. ಅದಕ್ಕೇ ಅಗಲವಾದ ನಾಲ್ಕು ಕ್ರೇಪ್ ಬ್ಯಾಂಡೇಜ್ ದೇವರ ಮನೆ ಪಕ್ಕದ ಡ್ರಾಯರಿನಲ್ಲೇ ಇಟ್ಟಿದ್ದೇನೆ. ಕಚ್ಚಿದ ಜಾಗದ ಮೇಲೆ ಮೊದಲು ಸುತ್ತಿ, ಆಮೇಲೆ ಬೆರಳಿನ ಕಡೆಯಿಂದ ಮೇಲಕ್ಕೆ ಇಡೀ ಕೈ ಅಥವಾ ಕಾಲು ಸುತ್ತಬೇಕು, ಉಳುಕಿದ ಕಾಲಿಗೆ ಕಟ್ಟುವಷ್ಟು ಬಿಗಿಯಾಗಿ. ಕೋಲು ಇಟ್ಟು ಅಲ್ಲಾಡದ ಹಾಗೆ ಕಟ್ಟಬೇಕು. ನಡೆಸಬಾರದು. ಆಂಬುಲೆನ್ಸೇ ಮನೆಗೆ ಬರಲಿ. ಮೊಮ್ಮಗನ ಕಾಲಿಗೆ ವರ್ಷಕ್ಕೆರಡು ಸಲ ಕಟ್ಟಿ ಅಭ್ಯಾಸ ಮಾಡುತ್ತೇನೆ. ಏಳು ವರ್ಷದ ಮಗು, ಸೋಫಾ ಮೇಲೆ ಅಲ್ಲಾಡದೆ ಮಲಗುತ್ತಾನೆ. ಹೋದ ಸಲ ಅವನೇ ನನ್ನ ಕೈಗೆ ಕಟ್ಟಿದ, ಸರಿಯಾಗಿ ಬೆರಳಿನಿಂದಲೇ ಶುರು ಮಾಡಿ.