ಊಡ್ನಡಟ್ಟಾ ಟ್ರ್ಯಾಕ್‌ಗೆ ಹೊರಡುವ ಮುಂಚೆ

ಅಡಿಲೇಡ್‌ಗೆ ಬಂದು ವರ್ಷ ತುಂಬುವುದರೊಳಗೆ ನಮ್ಮವರಿಗೆಲ್ಲ ಔಟ್‌ಬ್ಯಾಕ್, ಅಂದರೆ ಆಸ್ಟ್ರೇಲಿಯಾದ ಒಳಗಿನ ಬಟ್ಟಬಯಲು, ನೋಡುವ ಆಸೆ ಹುಟ್ಟುತ್ತದೆ. ಶಿರಾಡಿ ಘಾಟಿಯ ಗುಂಡಿಗಳಲ್ಲಿ ಗಾಡಿ ಓಡಿಸಿದವರಿಗೆ ಮಣ್ಣಿನ ರಸ್ತೆ ಏನು ಮಹಾ, ಅಲ್ವಾ? ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಶಿರಾಡಿಯಲ್ಲಿ ಗಾಡಿ ಕೆಟ್ಟರೆ ಹತ್ತು ನಿಮಿಷಕ್ಕೆ ಹತ್ತು ಜನ ಸೇರುತ್ತಾರೆ. ಇಲ್ಲಿ ಅರ್ಧ ದಿನ ಕಾದರೂ ಒಂದು ಗಾಡಿ ಬರದೇ ಇರಬಹುದು.

ಊಡ್ನಡಟ್ಟಾ ಟ್ರ್ಯಾಕ್ ಅಂದರೆ ದಕ್ಷಿಣ ಆಸ್ಟ್ರೇಲಿಯಾದ ಒಂದು ಮಣ್ಣಿನ ರಸ್ತೆ, ಮಾರಿ ಊರಿನಿಂದ ಮಾರ್ಲಾವರೆಗೆ ಸುಮಾರು 620 ಕಿಲೋಮೀಟರ್. ನಡುವೆ ಹೆಸರಿಗೆ ಎರಡು ಊರು, ವಿಲಿಯಂ ಕ್ರೀಕ್ ಮತ್ತು ಊಡ್ನಡಟ್ಟಾ. ಒಂದರಿಂದ ಇನ್ನೊಂದಕ್ಕೆ 200 ಕಿಲೋಮೀಟರ್ ಚಿಲ್ಲರೆ, ಪೆಟ್ರೋಲ್ ಸಿಗುವುದೂ ಅಲ್ಲಿಯೇ. ಸಿಕ್ಕಲ್ಲೆಲ್ಲ ಟ್ಯಾಂಕ್ ತುಂಬಿಸಿ. ರೇಟು ನೋಡಿ ಹೊಟ್ಟೆ ಉರಿಯುತ್ತದೆ, ಆದರೂ ತುಂಬಿಸಿ.

ಹೋಗುವುದಾದರೆ ಮೇ ತಿಂಗಳಿಂದ ಸೆಪ್ಟೆಂಬರ್ ಒಳಗೆ, ಇಲ್ಲಿ ಅದು ತಂಪಿನ ಕಾಲ. ಬೇಸಿಗೆಯಲ್ಲಿ ಬೇಡವೇ ಬೇಡ. ಊಡ್ನಡಟ್ಟಾದಲ್ಲಿ 1960ರ ಜನವರಿ 2ರಂದು 50.7 ಡಿಗ್ರಿ ದಾಖಲಾಗಿದೆ. ಚಳಿಗಾಲದ ರಾತ್ರಿ ಮಾತ್ರ ಕೈ ಮರಗಟ್ಟುತ್ತದೆ, ರಗ್ಗು ಮರೆಯಬೇಡಿ.

ಬಿಸಿಲಿಗಿಂತ ನನ್ನ ಭಯ ಮಳೆಯದು. ಅಲ್ಲಿ ಮಳೆ ಬರುವುದೇ ಅಪರೂಪ. ಬಂದರೆ ಮಾತ್ರ ಜೇಡಿಮಣ್ಣು ಬೆಣ್ಣೆಯ ಹಾಗೆ ಜಾರುತ್ತದೆ, ರಸ್ತೆ ಮುಚ್ಚಿಬಿಡುತ್ತಾರೆ. ಮುಚ್ಚಿದ ರಸ್ತೆಯಲ್ಲಿ ಹೋದರೆ ದಂಡ ಗ್ಯಾರಂಟಿ ಅಂದುಕೊಳ್ಳಿ. ದಕ್ಷಿಣ ಆಸ್ಟ್ರೇಲಿಯಾ ಸರ್ಕಾರ ಔಟ್‌ಬ್ಯಾಕ್ ರಸ್ತೆಗಳ ಸ್ಥಿತಿಯನ್ನು ಆನ್‌ಲೈನ್‌ನಲ್ಲಿ ಹಾಕುತ್ತದೆ. ಹೊರಡುವ ದಿನ ಬೆಳಿಗ್ಗೆ ಅದನ್ನು ನೋಡಲೇಬೇಕು. ರಜೆ ಹಾಕುವಾಗ ಎರಡು ದಿನ ಜಾಸ್ತಿ ಹಾಕಿ. ಸೋಮವಾರ ಆಫೀಸಿದೆ ಅಂತ ಒದ್ದೆ ರಸ್ತೆಗೆ ಇಳಿಯುವವರೇ ಸಿಕ್ಕಿಹಾಕಿಕೊಳ್ಳುವುದು.

ಬಾಡಿಗೆ ಕಾರಾದರೆ ಕರಾರು ಪೂರ್ತಿ ಓದಿ. ಎಷ್ಟೋ ಕಂಪನಿಗಳು ಮಣ್ಣಿನ ರಸ್ತೆಗೆ ಒಪ್ಪುವುದಿಲ್ಲ, ಇನ್ಶೂರೆನ್ಸೂ ಇರುವುದಿಲ್ಲ.

ಇನ್ನು ಟೈರು. ಡಾಂಬರಿನಲ್ಲಿ ಗಾಳಿಯ ಒತ್ತಡ 38-40 ಪಿಎಸ್‌ಐ ಇದ್ದರೆ, ಮಣ್ಣಿಗೆ ಬಂದ ಮೇಲೆ 30ರ ಆಸುಪಾಸಿಗೆ ಇಳಿಸಿ. ಗಾಡಿಯ ಭಾರ ನೋಡಿಕೊಂಡು ಸ್ವಲ್ಪ ಹೆಚ್ಚುಕಮ್ಮಿ. ವೇಗ 80 ದಾಟಬೇಡಿ. ಎರಡು ಸ್ಟೆಪ್ನಿ, ಒಂದು ಕಂಪ್ರೆಸರ್ ಇರಲಿ. ಮೊದಲ ಸಲ ಹೋದಾಗ ಕಾವರ್ಡ್ ಸ್ಪ್ರಿಂಗ್ಸ್ ದಾಟಿ ಸ್ವಲ್ಪ ದೂರದಲ್ಲಿ ನಮ್ಮ ಹಿಂದಿನ ಟೈರ್ ಚೂರುಚೂರಾಯಿತು. ಜಾಕ್ ಇಟ್ಟು ತಿರುಗಿಸಿದರೆ ಗಾಡಿ ಮೇಲೇಳಲಿಲ್ಲ, ಜಾಕೇ ಮಣ್ಣೊಳಗೆ ಇಳಿಯಿತು. ಮೂರು ಸಲ ಹಾಗೇ ಆಯಿತು. ಕೊನೆಗೆ ಹೆಂಡತಿ ಅಡುಗೆ ಡಬ್ಬದಿಂದ ಚಪಾತಿ ಮಣೆ ತೆಗೆದುಕೊಟ್ಟಳು. ಅದನ್ನು ಜಾಕ್ ಅಡಿಗಿಟ್ಟ ಮೇಲೆ ಗಾಡಿ ಎದ್ದಿತು, ಮಣೆ ಎರಡು ಹೋಳಾಯಿತು. ನೀವು ಮೊದಲೇ ಒಂದು ದಪ್ಪ ಹಲಗೆ ಹಾಕಿಕೊಳ್ಳಿ. ಮನೆ ಹಿಂದಿನ ಮಣ್ಣಿನಲ್ಲಿ ಒಂದು ಸಲ ಚಕ್ರ ಬಿಚ್ಚಿ ಹಾಕಿ ಅಭ್ಯಾಸವನ್ನೂ ಮಾಡಿ.

ನೀರು ತಲೆಗೆ ದಿನಕ್ಕೆ ಹತ್ತು ಲೀಟರ್, ಮೇಲೆ ಎರಡು ದಿನದ ಹೆಚ್ಚುವರಿ. ಒಂದೇ ದೊಡ್ಡ ಕ್ಯಾನ್ ಬೇಡ, ಸೋರಿದರೆ ಎಲ್ಲಾ ಹೋಯಿತು. ಸಸ್ಯಾಹಾರಿಗಳಿಗೆ ದಾರಿಯಲ್ಲಿ ಚಿಪ್ಸೇ ಗತಿ. ಅವಲಕ್ಕಿ, ಚಟ್ನಿಪುಡಿ, ಹುರಿದ ರವೆ ಸಾಕು. ಅನ್ನ ಸಾರು ಅಂತ ಕುಕ್ಕರ್ ಒಯ್ದರೆ ತೊಳೆಯುವುದಕ್ಕೇ ಅರ್ಧ ನೀರು ಖಾಲಿ.

ಮೊಬೈಲ್ ಸಿಗ್ನಲ್ ನಂಬಬೇಡಿ. ಸ್ಯಾಟಲೈಟ್ ಫೋನ್ ಇಲ್ಲದಿದ್ದರೆ ಒಂದು ಪಿಎಲ್‌ಬಿ ಬೀಕನ್ನಾದರೂ (ಒತ್ತಿದರೆ ಸ್ಯಾಟಲೈಟ್ ಮೂಲಕ ರಕ್ಷಣೆಯವರಿಗೆ ಸಂಕೇತ ಕಳಿಸುವ ಪುಟ್ಟ ಸಾಧನ) ಇರಲಿ, ನೋಂದಣಿ ಉಚಿತ. ಯುಎಚ್‌ಎಫ್ ರೇಡಿಯೋ ಚಾನೆಲ್ 40ರಲ್ಲಿಡಿ, ಲಾರಿಯವರು ಮಾತಾಡುವುದು ಅದರಲ್ಲೇ. ರೋಡ್ ಟ್ರೈನ್, ಅಂದರೆ ಹಲವು ಟ್ರೇಲರ್ ಎಳೆಯುವ ಉದ್ದನೆಯ ಲಾರಿ, ಎದುರು ಬಂದರೆ ಎಡಕ್ಕೆ ಸರಿದು, ಧೂಳು ಇಳಿಯುವ ತನಕ ನಿಲ್ಲಿ. ಗಾಡಿ ಕೆಟ್ಟರೆ ಗಾಡಿ ಬಿಟ್ಟು ನಡೆದು ಹೋಗಬೇಡಿ. ಮೇಲಿಂದ ಹುಡುಕುವವರಿಗೆ ಮನುಷ್ಯನಿಗಿಂತ ಕಾರು ಬೇಗ ಕಾಣುತ್ತದೆ.

ಮಾರಿಯಲ್ಲಿ ಒಂದು ಗಂಟೆ ನಿಲ್ಲಿ. ಹಿಂದೆ ಈ ದಾರಿಯಲ್ಲಿ ಓಡುತ್ತಿದ್ದ ಘಾನ್ ಎಂಬ ರೈಲಿನ ಹಳೆಯ ನಿಲ್ದಾಣವಿದೆ. ಹಿಂದೆ ಒಂಟೆಗಳ ಮೇಲೆ ಸರಕು ಸಾಗಿಸುತ್ತಿದ್ದವರು ಕಟ್ಟಿಕೊಂಡಿದ್ದ ಮಸೀದಿಯ ಮಾದರಿಯೂ ಇದೆ. ಎಲ್ಲರೂ 'ಆಫ್ಘನ್ನರು' ಅನ್ನುತ್ತಿದ್ದರೂ, ಅವರಲ್ಲಿ ಅಂದಿನ ಬ್ರಿಟಿಷ್ ಇಂಡಿಯಾದ ಪಂಜಾಬ್, ಸಿಂಧ್, ಬಲೂಚಿಸ್ತಾನದವರೂ ಇದ್ದರು. ಮುಂದೆ ಕಾಟಿ ಥಂಡಾ-ಲೇಕ್ ಏರ್ ಎಂಬ ಉಪ್ಪಿನ ಸರೋವರ ಸಿಗುತ್ತದೆ. ಅದು ಅಲ್ಲಿನ ಮೂಲನಿವಾಸಿಗಳಾದ ಅರಬಾನಾ ಜನರ ಪವಿತ್ರ ಜಾಗ. ದಡದಿಂದ ನೋಡಿ ಸಾಕು, ಉಪ್ಪಿನ ಮೇಲೆ ಇಳಿದು ಫೋಟೋ ಬೇಡ.

ಹೊರಡುವ ಮುಂಚೆ ಊರಲ್ಲಿರುವ ಒಬ್ಬರಿಗೆ ದಾರಿ, ತಂಗುವ ಜಾಗ, ತಲುಪುವ ಸಮಯ ಬರೆದುಕೊಡಿ. ಇಷ್ಟು ಹೊತ್ತಿಗೆ ಫೋನ್ ಬರದಿದ್ದರೆ ಪೊಲೀಸರಿಗೆ ಹೇಳಿ ಅಂತಲೂ ತಿಳಿಸಿ. ನಾವು ರಾತ್ರಿ ಎಂಟು ಅಂದಿದ್ದೆವು. ಆರೂವರೆಗೆ ಮಾರ್ಲಾ ಸೇರಿ, ಸ್ನಾನ ಮಾಡಿ, ಚಿಪ್ಸ್ ತಿನ್ನುತ್ತಾ ಫೋನ್ ಮಾಡುವುದನ್ನೇ ಮರೆತಿದ್ದೆವು. ಎಂಟು ಗಂಟೆ ಐದು ನಿಮಿಷಕ್ಕೆ ಗೆಳೆಯನೇ ಫೋನ್ ಮಾಡಿದ. ಬೈಗುಳ ಪೂರ್ತಿ ಮೈಸೂರು ಕನ್ನಡದಲ್ಲಿತ್ತು.