ಪ್ರೋಗ್ರೆಸಿವ್ ಪ್ರೆಸ್‌ನಲ್ಲಿ 9 ಎಂಎಂ ತೋಟಾ: ನಾನು ಸೆಟಪ್ ಮಾಡಿಕೊಂಡ ಬಗೆ

ಪ್ರೋಗ್ರೆಸಿವ್ ಪ್ರೆಸ್, ಅಂದರೆ ಖಾಲಿ ಕೇಸ್‌ಗಳಿಗೆ ಮತ್ತೆ ಮದ್ದು, ಗುಂಡು ತುಂಬಿ ಒಂದರ ಹಿಂದೊಂದು ತೋಟಾ ಮಾಡುವ ಕೈಯಂತ್ರ, ಅಂದ ಕೂಡಲೇ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ಗಂಟೆಗೆ ಎಷ್ಟು ತೋಟಾ ಆಗುತ್ತೆ? ನಾನು ಪ್ರೆಸ್ ಕೂರಿಸುವಾಗ ತಲೆಯಲ್ಲಿದ್ದದ್ದು ಬೇರೆ ಪ್ರಶ್ನೆ. ಹಿಡಿಕೆ ಒಂದು ಸಲ ಎಳೆದರೆ ನಾಲ್ಕು ಕಡೆ ನಾಲ್ಕು ಕೆಲಸ ಒಟ್ಟಿಗೇ ನಡೆಯುತ್ತೆ. ಕಣ್ಣು ಇರಬಹುದಾದದ್ದು ಒಂದೇ ಕಡೆ. ಹಾಗಾದರೆ ಕಣ್ಣು ಎಲ್ಲಿರಬೇಕು, ಉಳಿದ ಮೂರು ಕಡೆ ಏನಾಗುತ್ತಿದೆ ಅಂತ ನನಗೆ ಹೇಗೆ ಗೊತ್ತಾಗಬೇಕು? ನನ್ನ ಇಡೀ ಸೆಟಪ್ ಈ ಪ್ರಶ್ನೆಗೆ ಕೊಟ್ಟುಕೊಂಡ ಉತ್ತರ.

ಕಾನೂನಿನ ಮಾತು ಮೊದಲೇ ಮುಗಿಸಿಬಿಡುತ್ತೇನೆ. ನಾನಿರುವುದು ಟೆಕ್ಸಾಸ್‌ನಲ್ಲಿ. ಅಮೆರಿಕದಲ್ಲಿ ಸ್ವಂತ ಬಳಕೆಗೆ ತೋಟಾ ತುಂಬಿಕೊಳ್ಳಲು ಫೆಡರಲ್ ಲೈಸೆನ್ಸ್ ಬೇಡ, ಮಾರಲು ಹೊರಟರೆ ಬೇಕು. ರಾಜ್ಯದ ಕಾನೂನು ಬೇರೆ ಇರಬಹುದು, ನೋಡಿಕೊಳ್ಳಿ. ಎಚ್-1ಬಿಯಂಥ ವೀಸಾದಲ್ಲಿ ಬಂದಿರುವ ನಮ್ಮವರು ಇದನ್ನು ಚೆನ್ನಾಗಿ ತಿಳಿದುಕೊಳ್ಳಬೇಕು: ಬೇಟೆ ಲೈಸೆನ್ಸ್‌ನಂಥ ಕೆಲವು ವಿನಾಯಿತಿ ಬಿಟ್ಟರೆ ಅವರು ಬಂದೂಕು, ತೋಟಾ ಇಟ್ಟುಕೊಳ್ಳುವುದೇ ಫೆಡರಲ್ ಅಪರಾಧ. ಗ್ರೀನ್ ಕಾರ್ಡ್ ಇದ್ದವರಿಗೆ ಆ ತಡೆ ಇಲ್ಲ. ಭಾರತದಲ್ಲಿ 1959ರ ಆಯುಧ ಕಾಯ್ದೆ ಪ್ರಕಾರ ತೋಟಾ ತಯಾರಿಸಲು ಲೈಸೆನ್ಸ್ ಬೇಕೇ ಬೇಕು. ಕೊಡಗಿನ ಗೆಳೆಯರು ಕೇಳುತ್ತಾರೆ, ನಮಗೆ ವಿನಾಯಿತಿ ಇದೆಯಲ್ವಾ ಅಂತ. ಅದು ಕೋವಿ ಇಟ್ಟುಕೊಳ್ಳುವುದಕ್ಕೆ, ತೋಟಾ ಮಾಡುವುದಕ್ಕಲ್ಲ.

ನಾನು ಆರಿಸಿಕೊಂಡದ್ದು ಡಿಲ್ಲನ್ ಆರ್‌ಎಲ್ 550ಸಿ. ಇದರಲ್ಲಿ ನಾಲ್ಕು ಸ್ಟೇಷನ್. ಕೇಸ್‌ಗಳು (ತೋಟಾದ ಹಿತ್ತಾಳೆ ಕೊಳವೆಗಳು) ಕೂರುವ ದುಂಡನೆಯ ಶೆಲ್‌ಪ್ಲೇಟನ್ನು ಪ್ರತಿ ಸಲ ಹೆಬ್ಬೆರಳಿನಿಂದ ನಾವೇ ತಿರುಗಿಸಬೇಕು. ಅದೇ ಕಂಪನಿಯ 750ರಲ್ಲಿ ಅದು ತಾನೇ ತಿರುಗುತ್ತೆ, ಐದು ಸ್ಟೇಷನ್ ಇದೆ, ವೇಗವೂ ಜಾಸ್ತಿ. ಆದರೂ ನನಗೆ ಕೈಯಿಂದ ತಿರುಗಿಸುವುದೇ ಇಷ್ಟ, ಏನೋ ತಡೆದಂತಾದರೆ ಎಲ್ಲವೂ ನಾನು ನಿಲ್ಲಿಸಿದ ಕಡೆಯೇ ನಿಂತಿರುತ್ತೆ. ಇದಕ್ಕೊಂದು ಅಪಾಯವೂ ಇದೆ. ತಿರುಗಿಸಲು ಮರೆತು ಹಿಡಿಕೆಯನ್ನು ಮತ್ತೆ ಎಳೆದರೆ ಅದೇ ಕೇಸ್‌ಗೆ ಎರಡು ಸಲ ಮದ್ದು ಬೀಳುತ್ತೆ. ಅದಕ್ಕೆ ನಾನು ಮಾಡಿಕೊಂಡ ವ್ಯವಸ್ಥೆ ಮುಂದೆ ಹೇಳುತ್ತೇನೆ.

ಬೆಂಚ್ ಅಲ್ಲಾಡಬಾರದು. ಅಲ್ಲಾಡಿದರೆ ಮದ್ದಿನ ಅಳತೆ ಏರುಪೇರಾಗುತ್ತೆ, ಪ್ರೈಮರ್ (ಕೇಸಿನ ತಳದಲ್ಲಿ ಕೂತು ಮದ್ದಿಗೆ ಕಿಡಿ ಹಚ್ಚುವ ಪುಟ್ಟ ಬಿಲ್ಲೆ) ಕೂರುವಾಗ ಕೈಗೆ ಸಿಗಬೇಕಾದ ಸುಳಿವೂ ಸಿಗಲ್ಲ. ನಾನು ಗ್ಯಾರೇಜಿನ ಗೋಡೆಯೊಳಗಿನ ಮರದ ಕಂಬಗಳಿಗೇ ಬೆಂಚನ್ನು ಬೋಲ್ಟ್ ಮಾಡಿದೆ. ಪ್ರೆಸ್ ಕೂರಿಸಿದ ಮೇಲೆ ಮೊದಲು ಶೆಲ್‌ಪ್ಲೇಟಿನ ಬೋಲ್ಟ್ ಸರಿ ಮಾಡಿ. ಪೂರ್ತಿ ಬಿಗಿದು, ಪ್ಲೇಟ್ ಸಲೀಸಾಗಿ ತಿರುಗುವಷ್ಟು ಮಾತ್ರ ಸಡಿಲಿಸಿ, ಪಕ್ಕದ ಸಣ್ಣ ಸ್ಕ್ರೂ ಬಿಗಿದು ಲಾಕ್ ಮಾಡಬೇಕು. ಪ್ಲೇಟ್ ಸಡಿಲ ಇದ್ದರೆ ಮುಂದಿನ ಯಾವ ಅಳತೆಯೂ ನಿಲ್ಲಲ್ಲ.

ಒಂದೊಂದು ಸ್ಟೇಷನ್ನಿನ ಕೆಲಸ ಮಾಡುವ ಅಚ್ಚುಗಳು, ಅಂದರೆ ಡೈಗಳನ್ನು ಹೊಂದಿಸುವಾಗ ಮೇಜಿನ ಮೇಲೆ ಮದ್ದೂ ಇರಲಿಲ್ಲ, ಪ್ರೈಮರೂ ಇರಲಿಲ್ಲ. ಖಾಲಿ ಕೇಸ್, ಗುಂಡು ಅಷ್ಟೇ. ಉಬ್ಬಿದ ಕೇಸನ್ನು ಮತ್ತೆ ಅಳತೆಗೆ ತರುವ ಒಂದನೇ ಸ್ಟೇಷನ್ನಿನ ಸೈಜಿಂಗ್ ಡೈಯನ್ನು ಶೆಲ್‌ಪ್ಲೇಟಿಗೆ ತಾಗುವವರೆಗೆ ಇಳಿಸಿ ಒಂದು ಕೂದಲಿನಷ್ಟು ಮೇಲೆತ್ತಿದೆ. ಕಾರ್ಬೈಡ್ ಡೈ ಆದ್ದರಿಂದ ಎಣ್ಣೆ ಬೇಕೇ ಬೇಕು ಅಂತೇನಿಲ್ಲ, ಆದರೆ ಸ್ವಲ್ಪ ಲೂಬ್ ಇದ್ದರೆ ಹಿಡಿಕೆ ಹಗುರವಾಗುತ್ತೆ. ಹಿಡಿಕೆ ಹಗುರವಾದರೆ ಅಸಹಜವಾದದ್ದು ಏನಿದ್ದರೂ ಕೈಗೆ ಬೇಗ ಗೊತ್ತಾಗುತ್ತೆ, ಅದಕ್ಕೇ ನಾನು ಬಿಡದೆ ಹಾಕುತ್ತೇನೆ.

ಇದೇ ಸ್ಟೇಷನ್ನಿನಲ್ಲಿ ಹಿಡಿಕೆಯನ್ನು ಮೇಲೆ ತಂದು ಮುಂದಕ್ಕೆ ತಳ್ಳಿದಾಗ ಹೊಸ ಪ್ರೈಮರ್ ಕೂರುತ್ತೆ. ಇದು ಕೈ ನೋಡಿಕೊಳ್ಳುವ ಕೆಲಸ. ಸರಿಯಾಗಿ ಕೂತರೆ ಮೊದಲು ಒಂದಿಷ್ಟು ಮೆತ್ತನೆಯ ತಡೆ, ಆಮೇಲೆ ಗಟ್ಟಿಯಾಗಿ ನಿಂತ ಹಾಗೆ ಅನ್ನಿಸುತ್ತೆ. ಶುರುವಿನಲ್ಲೇ ಗಟ್ಟಿ ಅನ್ನಿಸಿದರೆ ಒತ್ತಬೇಡಿ, ಕೇಸ್ ತೆಗೆದು ನೋಡಿ. ಮಿಲಿಟರಿ ಕೇಸ್‌ಗಳಲ್ಲಿ ಪ್ರೈಮರ್ ಗುಳಿಯ ಅಂಚನ್ನು ಒಳಕ್ಕೆ ಒತ್ತಿರುತ್ತಾರೆ, ಅದನ್ನು ಸರಿಮಾಡದೆ ಹೊಸ ಪ್ರೈಮರ್ ಒಳಗೆ ಹೋಗಲ್ಲ. ಕೂತ ಪ್ರೈಮರ್ ಮೇಲೆ ಬೆರಳು ಸವರಿದರೆ ಕೇಸಿನ ತಳಕ್ಕಿಂತ ಒಂದು ಚೂರು ಒಳಗಿರಬೇಕು. ಪ್ರೈಮರ್ ಕೊಳವೆಯಲ್ಲಿ ನೂರು ಪ್ರೈಮರ್ ಸಾಲಾಗಿ ಕೂತಿರುತ್ತವೆ. ಒಂದು ಸಿಡಿದರೆ ಎಲ್ಲವೂ ಸಿಡಿಯಬಹುದು, ಅದಕ್ಕೇ ಸುತ್ತ ಉಕ್ಕಿನ ಕವಚ ಕೊಟ್ಟಿದ್ದಾರೆ. ಕನ್ನಡಕ ಇಲ್ಲದೆ ಪ್ರೆಸ್ ಮುಂದೆ ಕೂರಲೇಬೇಡಿ.

ಎರಡನೇ ಸ್ಟೇಷನ್ ಮದ್ದಿನದು, ನಾನು ಅತಿ ಹೆಚ್ಚು ಹೊತ್ತು ಕೊಟ್ಟದ್ದೂ ಇದಕ್ಕೇ. ಇಲ್ಲಿ ಒಂದೇ ಫನಲ್ ಎರಡು ಕೆಲಸ ಮಾಡುತ್ತೆ: ಕೇಸಿನ ಬಾಯಿ ಸ್ವಲ್ಪ ಅರಳಿಸುತ್ತೆ, ಮದ್ದು ಸುರಿಯುತ್ತೆ. ಕೆಳಗೆ ಕೇಸ್ ಇದ್ದರೆ ಮಾತ್ರ ಮದ್ದು ಬೀಳುವಂತೆ ಮಾಡಿದ್ದಾರೆ. ಬಾಯಿ ಎಷ್ಟು ಅರಳಬೇಕು ಅಂದರೆ ಗುಂಡು ಮೇಲಿಟ್ಟರೆ ನೆಟ್ಟಗೆ ನಿಲ್ಲಬೇಕು, ಅಷ್ಟೇ. ಜಾಸ್ತಿ ಅರಳಿಸಿದರೆ ಹಿತ್ತಾಳೆ ಬೇಗ ಸೀಳುತ್ತೆ.

ಮದ್ದಿನ ಅಳತೆಯನ್ನು ಪ್ರಕಟಿತ ಲೋಡ್ ಮ್ಯಾನ್ಯುಅಲ್‌ನಿಂದಲೇ ತೆಗೆದುಕೊಳ್ಳಬೇಕು, ಅದೂ ಅಲ್ಲಿ ಕೊಟ್ಟಿರುವ ಕನಿಷ್ಠದಿಂದ ಶುರು ಮಾಡಬೇಕು. ನನ್ನ ಅಳತೆ ಇಲ್ಲಿ ಬರೆಯಲ್ಲ, ನೀವೂ ಯಾರೋ ಹೇಳಿದ್ದನ್ನು ತುಂಬಬೇಡಿ. ಮದ್ದನ್ನು ತೂಗುವುದು ಗ್ರೇನ್ ಲೆಕ್ಕದಲ್ಲಿ. ಒಂದು ಪೌಂಡಿಗೆ 7000 ಗ್ರೇನ್, ಅಂದರೆ ಒಂದು ಗ್ರೇನ್ ಸುಮಾರು 65 ಮಿಲಿಗ್ರಾಂ. ಇಷ್ಟು ಸಣ್ಣ ತೂಕದಲ್ಲಿ ತಕ್ಕಡಿಯನ್ನು ಸುಮ್ನೆ ನಂಬುವಂತಿಲ್ಲ, ಪ್ರತಿ ಸಲ ಚೆಕ್ ವೇಟ್ (ತೂಕ ನಿಖರವಾಗಿ ಗೊತ್ತಿರುವ ಬಟ್ಟು) ಇಟ್ಟು ನೋಡುತ್ತೇನೆ. ಮದ್ದು ತುಂಬಿದ ಮೇಲೆ ಮೊದಲ ಕೆಲವು ಸುರಿತಗಳು ಹೆಚ್ಚು ಕಡಿಮೆ ಆಗುತ್ತವೆ, ಅವನ್ನು ವಾಪಸ್ ಸುರಿದುಬಿಡಿ. ಆಮೇಲೆ ಹತ್ತು ಸುರಿತ ಒಟ್ಟಿಗೆ ತೂಗಿ ಸರಾಸರಿ ನೋಡಿ, ಒಂದೊಂದನ್ನೇ ತೂಗಿ ಏರಿಳಿತವನ್ನೂ ನೋಡಿ. ಎರಡೂ ಬೇಕು. ಸರಾಸರಿ ಸರಿಯಿದ್ದು ಒಂದೊಂದೂ ಬೇರೆ ಬೇರೆ ಇದ್ದರೆ ಆ ಸರಾಸರಿ ಕಟ್ಟಿಕೊಂಡು ಏನು ಮಾಡುವುದು?

ಈಗ ಎರಡು ಸಲ ಬೀಳುವ ಮದ್ದಿನ ವಿಷಯ. ನಾನು ಕೇಸಿನ ಅರ್ಧಕ್ಕಿಂತ ಜಾಸ್ತಿ ತುಂಬುವ ಮದ್ದನ್ನೇ ಆರಿಸಿಕೊಂಡೆ, ಎರಡನೇ ಸಲ ಬಿದ್ದರೆ ಉಕ್ಕಿ ಶೆಲ್‌ಪ್ಲೇಟ್ ಮೇಲೆಲ್ಲ ಚೆಲ್ಲುತ್ತೆ. ಟೈಟ್‌ಗ್ರೂಪ್‌ನಂಥ ಮದ್ದು ಕಡಿಮೆ ಜಾಗ ಹಿಡಿಯುತ್ತೆ, ಎರಡು ಪಟ್ಟು ಬಿದ್ದರೂ ಕೇಸಿನೊಳಗೆ ಅಡಗಿ ಕೂರುತ್ತೆ. ಹೊಸಬರಿಗೆ ಅದು ಬೇಡ ಅಂತ ನಾನು ಖಡಾಖಂಡಿತವಾಗಿ ಹೇಳುತ್ತೇನೆ. ಮದ್ದು ಬೀಳದೇ ಹೋದರೂ ಅಷ್ಟೇ ಅಪಾಯ. ಬರೀ ಪ್ರೈಮರಿನ ಬಲಕ್ಕೆ ಗುಂಡು ನಳಿಗೆಯ ಮಧ್ಯೆ ಸಿಕ್ಕಿಕೊಳ್ಳುತ್ತೆ, ಗೊತ್ತಿಲ್ಲದೆ ಮುಂದಿನದನ್ನು ಹೊಡೆದರೆ ನಳಿಗೆ ಒಡೆಯಬಹುದು.

ಅದಕ್ಕೇ ನನ್ನ ಕಣ್ಣು ಇರುವುದು ಗುಂಡನ್ನು ಕೇಸಿನೊಳಗೆ ಕೂರಿಸುವ ಮೂರನೇ ಸ್ಟೇಷನ್ನಿನ ಮೇಲೆ. ಡೈಗಳು ಕೂರುವ ಟೂಲ್‌ಹೆಡ್ ಕೆಳಗೆ ಒಂದು ಸಣ್ಣ ಎಲ್‌ಇಡಿ ಅಂಟಿಸಿದ್ದೇನೆ, ಬೆಳಕು ನೇರವಾಗಿ ಕೇಸಿನ ಬಾಯಿಗೆ ಬೀಳುತ್ತೆ. ನಾನು ಕೂರುವ ಎತ್ತರವನ್ನೂ ಕೇಸಿನ ಒಳಗೆ ಕಾಣುವ ಹಾಗೆ ಹೊಂದಿಸಿಕೊಂಡೆ, ಕತ್ತು ಬಗ್ಗಿಸಿ ನೋಡಬೇಕಾದರೆ ಸುಸ್ತಾದಾಗ ನೋಡುವುದನ್ನೇ ಬಿಟ್ಟುಬಿಡುತ್ತೇವೆ. ಬಲಗೈಗೆ ಹಿಡಿಕೆ. ಎಡಗೈಯಲ್ಲಿ ಗುಂಡು ಹಿಡಿದು, ಒಳಗೆ ಮದ್ದಿನ ಮಟ್ಟ ನೋಡಿ, ಆಮೇಲೆ ಬಾಯಿಗೆ ಇಡಬೇಕು. ಒಂದೂ ಬಿಡುವ ಹಾಗಿಲ್ಲ. ಮಧ್ಯದಲ್ಲಿ ಯಾರಾದರೂ ಕರೆದರೆ, ವಾಪಸ್ ಬಂದಾಗ ಎರಡನೇ ಸ್ಟೇಷನ್ನಿನ ಕೇಸ್ ತೆಗೆದು ಮದ್ದನ್ನು ಸುರಿದುಬಿಡುತ್ತೇನೆ. ಬಿದ್ದಿತ್ತೋ ಇಲ್ಲವೋ ಅಂತ ಯೋಚಿಸುತ್ತಾ ಕೂರುವುದೇ ಇಲ್ಲ.

ಗುಂಡು ಎಷ್ಟು ಆಳಕ್ಕೆ ಕೂರಬೇಕು ಅನ್ನುವುದನ್ನು ಮ್ಯಾನ್ಯುಅಲ್ ಮತ್ತು ನಿಮ್ಮ ನಳಿಗೆ ಎರಡೂ ಸೇರಿ ಹೇಳಬೇಕು. 9 ಎಂಎಂ ತೋಟಾದ ಗರಿಷ್ಠ ಉದ್ದ 1.169 ಇಂಚು. ಸಿಝಡ್ ಪಿಸ್ತೂಲುಗಳಂಥ ಕೆಲವದರಲ್ಲಿ ಅಷ್ಟು ಉದ್ದ ಹಿಡಿಯಲ್ಲ. ಮದ್ದು, ಪ್ರೈಮರ್ ಇಲ್ಲದ ಡಮ್ಮಿ ಮಾಡಿ, ಬಿಚ್ಚಿದ ನಳಿಗೆಗೆ ಬಿಡಿ. ಟಕ್ ಅಂತ ಕೂರಬೇಕು, ಬೆರಳಲ್ಲಿ ತಿರುಗಬೇಕು, ತಲೆಕೆಳಗು ಮಾಡಿದರೆ ತಾನಾಗಿ ಬೀಳಬೇಕು. ಹಾಗಂತ ಬೇಕಾಬಿಟ್ಟಿ ಒಳಕ್ಕೆ ಒತ್ತುವಂತಿಲ್ಲ, ಗುಂಡು ಆಳಕ್ಕೆ ಹೋದಷ್ಟೂ ಒಳಗಿನ ಒತ್ತಡ ಏರುತ್ತೆ. ಇನ್ನೊಂದು ವಿಷಯ. ಪ್ಲೇಟಿನಲ್ಲಿ ಒಂದೇ ಕೇಸ್ ಇದ್ದಾಗ ಬರುವ ಉದ್ದ ಬೇರೆ, ನಾಲ್ಕೂ ಕೇಸ್ ಇದ್ದಾಗ ಬರುವ ಉದ್ದ ಬೇರೆ. ನಾಲ್ಕೂ ಕಡೆ ಒತ್ತಡ ಬಿದ್ದಾಗ ಪ್ಲೇಟ್, ಟೂಲ್‌ಹೆಡ್ ಒಂದು ಎಳೆಯಷ್ಟು ಸರಿಯುತ್ತವೆ. ಹಾಗಾಗಿ ಕೊನೆಯ ಹೊಂದಾಣಿಕೆ ಪ್ಲೇಟ್ ತುಂಬಿದಾಗಲೇ ಆಗಬೇಕು.

ನಾಲ್ಕನೆಯದು ಕ್ರಿಂಪ್, ಅಂದರೆ ಕೇಸಿನ ಬಾಯನ್ನು ಗುಂಡಿನ ಸುತ್ತ ಒತ್ತುವುದು. 9 ಎಂಎಂ ತೋಟಾ ನಳಿಗೆಯಲ್ಲಿ ನಿಲ್ಲುವುದೇ ಕೇಸಿನ ಬಾಯಿಯ ಆಧಾರದಲ್ಲಿ, ಆದ್ದರಿಂದ ಅರಳಿಸಿದ್ದನ್ನು ನೇರ ಮಾಡಿದರೆ ಸಾಕು. ನನ್ನದು ಬಾಯಿಯ ಹತ್ತಿರ ಅಳೆದರೆ 0.378 ಇಂಚು ಬರುತ್ತೆ.

ಕೆಲಸ ಮುಗಿದ ಮೇಲೆ ಮದ್ದನ್ನು ಅದರ ಮೂಲ ಡಬ್ಬಿಗೇ ವಾಪಸ್ ಹಾಕುತ್ತೇನೆ, ಬೆಂಚಿನ ಮೇಲೆ ಯಾವತ್ತೂ ಒಂದೇ ಡಬ್ಬಿ. ಕೈಯನ್ನು ಸೋಪು ಹಾಕಿ ತೊಳೆಯಲೇಬೇಕು, ಸುಟ್ಟ ಪ್ರೈಮರಿನ ಮಸಿಯಲ್ಲಿ ಸೀಸ ಇರುತ್ತೆ.

ಮೊದಲ ಕಂತು ಚಿಕ್ಕದು. ರೇಂಜಿನಲ್ಲಿ ಕ್ರೋನೋಗ್ರಾಫ್ ಇಟ್ಟು ವೇಗ ನೋಡಿದೆ. ಅಮೆರಿಕದ ಶೂಟಿಂಗ್ ಸಂಸ್ಥೆ ಯುಎಸ್‌ಪಿಎಸ್‌ಎ ನಡೆಸುವ ಸ್ಪರ್ಧೆಯಲ್ಲಿ ಮೈನರ್ ವರ್ಗಕ್ಕೆ ಪವರ್ ಫ್ಯಾಕ್ಟರ್ 125 ಬೇಕು: ಗುಂಡಿನ ತೂಕವನ್ನು ಸೆಕೆಂಡಿಗೆ ಅಡಿಗಳ ವೇಗದಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ ಬರುವ ಸಂಖ್ಯೆ. 124 ಗ್ರೇನ್ ಗುಂಡು 1050 ಅಡಿ ವೇಗದಲ್ಲಿ ಹೋದರೆ 130.2. ನಾನು ಇಟ್ಟುಕೊಂಡ ಗುರಿ ಅದೇ, ಚಳಿಗಾಲದಲ್ಲಿ ವೇಗ ಸ್ವಲ್ಪ ಇಳಿದರೂ 125ರ ಕೆಳಗೆ ಹೋಗಬಾರದು ಅಂತ. ಆಮೇಲೆ ಪ್ರತಿ ಡಬ್ಬಿಯ ಮೇಲೂ ಮದ್ದಿನ ಹೆಸರು, ತೂಕ, ಗುಂಡು, ಪ್ರೈಮರ್, ಉದ್ದ, ತಾರೀಕು ಬರೆದಿಡಲು ಶುರು ಮಾಡಿದೆ. ಒಂದು ತೋಟಾದಲ್ಲಿ ತೊಂದರೆ ಕಂಡರೂ ಅದೇ ತಾರೀಕಿನ ಡಬ್ಬಿಗಳನ್ನೆಲ್ಲ ಪಕ್ಕಕ್ಕಿಡಬಹುದು.